ಹತ್ತರ ಡಬ್ಬಿ

ಆ ಶನಿವಾರ ಸಂಜೆ ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಖಾಲಿ ಬೆಂಕಿಪೊಟ್ಟಣಗಳನ್ನು ಸಾಲಾಗಿ ಇಟ್ಟುಕೊಂಡು ನಾನೂ ನಮ್ಮ ಯಜಮಾನರೂ ಕಂಪ್ಯೂಟರ್ ಆಟ ಆಡುತ್ತಿದ್ದೆವು. ಆಟ ಎಂದವಳು ನಾನು, ಅವರಿಗದು ಆಟವಾಗಿರಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಅವರು ಭಾನುವಾರಕ್ಕೊಮ್ಮೆ ದಾವಣಗೆರೆಗೆ ಹೋಗಿ ಫೋರ್ಟ್ರಾನ್ ಎಂಬ ಯಂತ್ರದ ಭಾಷೆ ಕಲಿಯುತ್ತಿದ್ದರು. ಬರೆದ ಪ್ರೋಗ್ರಾಂ ಅಲ್ಲಿ ಕೊಟ್ಟು ಬಂದರೆ ಉತ್ತರ ಮುಂದಿನ ಭಾನುವಾರ. ಅವರದು ಪ್ರತಿ ಸಲವೂ ತಪ್ಪಾಗಿ ಬರುತ್ತಿತ್ತು. ಹಾಳೆಯ ಮೇಲೆ ಎಲ್ಲವೂ ಸರಿ, ಉತ್ತರ ಮಾತ್ರ ಹುಚ್ಚುಹುಚ್ಚು. ಅನ್ನ ಕಲಸಿಕೊಂಡು ಹಾಗೇ ಕೂತುಬಿಡುತ್ತಿದ್ದರು.

ಯಂತ್ರದ ಒಳಗೂ ಇಂಥ ಡಬ್ಬಿಗಳಿರುತ್ತವಂತೆ. ಮೇಲೆ ಹೆಸರು, ಒಳಗೆ ಅಂಕೆ ಬರೆದ ಚೀಟಿ. ಹತ್ತು ಎಂಬ ಅಂಕೆಗೂ ಅದರದೇ ಒಂದು ಡಬ್ಬಿ. ಏಳನೆಯ ಇಯತ್ತೆ ಓದಿದ ನನಗೆ ಯಂತ್ರದ ಪಾತ್ರ. ಹೇಳಿದ್ದನ್ನು ಮಾಡುವುದು, ಯೋಚಿಸದಿರುವುದು. ನನಗೆ ತಕ್ಕ ಕೆಲಸವೇ ಅನ್ನಿ.

"ಹತ್ತರ ಡಬ್ಬಿ ತಗೋ. ಒಳಗಿಂದು ದುಪ್ಪಟ್ಟು ಮಾಡಿ ಅದರಾಗ ಇಡು," ಎಂದು ಹಾಳೆ ನೋಡಿ ಓದಿದರು. ಚೀಟಿಯ ಹತ್ತನ್ನು ಹೊಡೆದುಹಾಕಿ ಇಪ್ಪತ್ತು ಬರೆದೆ. ಸ್ವಲ್ಪ ಹೊತ್ತಿನ ಮೇಲೆ ಬೇರೊಂದು ಲೆಕ್ಕಕ್ಕೆ ಹತ್ತು ಕೇಳಿದರು. ಡಬ್ಬಿ ತೆರೆದು, "ಇಪ್ಪತ್ತು ಐತ್ರಿ," ಎಂದೆ.

"ಲೇ ಗೌರಿ, ಹತ್ತನ್ಯಾಕ ತಿದ್ದಿದಿ?"

"ನೀವ ಹೇಳಿದ್ರಲ್ರಿ! ನಾನು ಮಶೀನು. ಬೈಯೋದಿದ್ರ ನಿಮ್ಮ ಹಾಳಿಗೆ ಬೈರಿ."

ಅವರು ಹಾಳೆಯನ್ನು ಎತ್ತಿಕೊಂಡು ಆ ಸಾಲನ್ನು ಮತ್ತೊಮ್ಮೆ ಓದಿದರು. ಆಮೇಲೆ ನಕ್ಕರು ನೋಡಿ, ಪಕ್ಕದ ಮನೆಯ ಫಾತಿಮಾಬಿ ಗೋಡೆಯಾಚೆಯಿಂದ "ಏನ್ರೀ ಮಾಸ್ತರ, ಲಾಟರಿ ಬಂತೇನು?" ಎಂದು ಕೇಳುವಷ್ಟು. ದಾವಣಗೆರೆಯ ಯಂತ್ರವೂ ನನ್ನಂತೆಯೇ ಹೇಳಿದ್ದು ಮಾಡಿತ್ತು. ಹಾಳೆಯಲ್ಲಿ ಹತ್ತು ಹತ್ತಾಗಿಯೇ ಇದ್ದರೂ ಅಲ್ಲಿಂದ ಮುಂದಿನ ಹತ್ತುಗಳೆಲ್ಲ ಒಳಗೆ ಇಪ್ಪತ್ತಾಗಿದ್ದವು. ಹತ್ತರ ನಕಲನ್ನು ಬೇರೊಂದು ಡಬ್ಬಿಗೆ ಹಾಕಿ, ತಿದ್ದುವುದಿದ್ದರೆ ಆ ನಕಲನ್ನು ತಿದ್ದಬೇಕಿತ್ತು. ಅಷ್ಟೇ.

"ನಾಳೆ ಕೊಟ್ಟು ಬರ್ತೀನಿ. ಉತ್ತರ ಸರಿ ಬಂದ್ರ ನಿನ್ನೂ ಕರ್ಕೊಂಡು ಹೋಗಿ ಮಶೀನ್ ತೋರಸ್ತೀನಿ," ಎಂದರು. ಯಾವ ಸೀರೆ ಉಡಲಿ ಎಂದು ಮಲಗುವವರೆಗೂ ಯೋಚಿಸಿದೆ.

ಮರುದಿನ ಹರಪನಹಳ್ಳಿಯಲ್ಲಿ ಬಸ್ಸು ಬದಲಿಸಲು ಇಳಿದು, ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ಚೀಲವನ್ನು ಯಾರೋ ತಂದುಕೊಟ್ಟರು. ತಿದ್ದಿದ ಹಾಳೆಗಳು ಮಡಿಕೆ ಬಿಚ್ಚದೆ ಅದರಲ್ಲಿದ್ದವು.

ಇಷ್ಟು ವರ್ಷಗಳಾದರೂ ಓಣಿಯವರು ಈಗಲೂ ಈ ಮನೆಯನ್ನು ಮಾಸ್ತರ ಮನಿ ಎನ್ನುತ್ತಾರೆ. ನಾನೂ ತಿದ್ದುವುದಿಲ್ಲ. ಒಳಗೆ ನಾನೊಬ್ಬಳೇ ಇದ್ದೇನೆ. ಮೊನ್ನೆ ಕಂಪ್ಯೂಟರ್ ಕೆಲಸದಲ್ಲಿರುವ ತಮ್ಮನ ಮಗ ಬಂದಿದ್ದಾಗ ಇದನ್ನೆಲ್ಲ ಮೊದಲ ಸಲ ಬಾಯಿಬಿಟ್ಟು ಹೇಳಿದೆ. "ಈಗಿನ ಭಾಷಿಯೊಳಗ ಹತ್ತನ್ನ ಹಂಗ ತಿದ್ದಾಕ ಬಿಡಂಗಿಲ್ಲ ಅತ್ತಿ," ಎಂದ. ಒಳ್ಳೆಯದಾಯಿತು ಎಂದುಕೊಂಡೆ. "ಹಾಳಿ ಅದಾವೇನು? ನಡಿಸಿ ನೋಡೋಣು," ಎಂದೂ ಕೇಳಿದ.

ಅವನ್ನು ಅವರ ಜೊತೆಗೇ ಮಣ್ಣಿಗಿಟ್ಟಿದ್ದೆವು. ಆ ಲೆಕ್ಕ ಸರಿ ಬರುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.