ಮೊದಲ ಸಾವಿರ ಕಿಲೋಮೀಟರಿನ ಅನುಮಾನ

ಅನುಮಾನ ಪಡುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಮಹದೇವಪುರದ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಪಕ್ಕಕ್ಕೆ ಎಸೆಯುವುದು ನನ್ನ ಕೆಲಸ. ‘ಸರಿ ಇದೆ ಸಾರ್’ ಎಂದು ಯಾರಾದರೂ ಹೇಳಿದರೆ ನನ್ನ ಕೈ ತಾನಾಗಿ ಅಳತೆಯ ಉಪಕರಣದ ಕಡೆಗೆ ಹೋಗುತ್ತದೆ. ಇಂಥವನು ಹೊಸ ಕಾರು ಕೊಂಡರೆ ಏನಾಗಬೇಕೋ ಅದೇ ಆಯಿತು.

ಕಾರು ಕೈಗೆ ಬಂದ ದಿನ ಹೆಂಡತಿ ಮಗಳು ಶೋರೂಮಿನಲ್ಲಿ ಹಾರ ಹಿಡಿದು ಫೋಟೋಗೆ ನಿಂತಿದ್ದರೆ, ನಾನು ಮೊಬೈಲಿನ ಟಾರ್ಚ್ ಹಾಕಿಕೊಂಡು ಕಾರಿನ ಕೆಳಗೆ ಮಲಗಿದ್ದೆ. ಮೀಟರಿನಲ್ಲಿ ಆಗಲೇ ನಲವತ್ತೊಂದು ಕಿಲೋಮೀಟರ್ ಆಗಿತ್ತು. ಓಡಿಸಿದ್ದು ಯಾರು ಎಂದು ಕೇಳಿದರೆ, ಕಾರುಗಳನ್ನು ನಿಲ್ಲಿಸಿಡುವ ಯಾರ್ಡಿನಿಂದ ತಂದದ್ದು ಎಂದರು. ನಾನು ನಂಬಲಿಲ್ಲ. ಆಮೇಲೆ ಅಲ್ಲಿನವರು ಉಪದೇಶ ಶುರುಮಾಡಿದರು. ಮೊದಲ ಸಾವಿರ ಕಿಲೋಮೀಟರ್ ವೇಗ ಎಂಬತ್ತು ದಾಟಬೇಡಿ, ಆಕ್ಸಿಲರೇಟರ್ ಜೋರಾಗಿ ತುಳಿಯಬೇಡಿ, ಸಾವಿರ ಆದಮೇಲೆ ಮೊದಲ ಸರ್ವಿಸಿಗೆ ತನ್ನಿ. ಲೀಟರಿಗೆ ಇಪ್ಪತ್ತು ಕೊಡುತ್ತೆ ಅಂತಲೂ ಅಂದರು. ಎಂಬತ್ತಂತೆ! ಹೂಡಿಯ ಮನೆಯಿಂದ ಮಹದೇವಪುರಕ್ಕೆ ಟ್ರಾಫಿಕ್ಕಿನಲ್ಲಿ ನನ್ನ ಕಾರು ಮೂವತ್ತು ಮುಟ್ಟಿದರೆ ಅವತ್ತು ಹಬ್ಬ.

ಇಪ್ಪತ್ತು ಎಂದ ಕಾರು ಹನ್ನೊಂದು ಕೊಟ್ಟಿತು. ಮೊದಲು ಪೆಟ್ರೋಲ್ ಬಂಕಿನವರ ಮೇಲೆ ಅನುಮಾನ ಬಂತು. ಕಾರಿನಿಂದ ಇಳಿದು, ಮೆಷಿನ್ನಿನಲ್ಲಿ ಸೊನ್ನೆ ಬಂದದ್ದನ್ನು ಕಣ್ಣಾರೆ ನೋಡಿ ಹಾಕಿಸಿದೆ. ಆಮೇಲೆ ಬಂಕನ್ನೇ ಬದಲಾಯಿಸಿದೆ. ಪೆಟ್ರೋಲ್ ಮೀಟರಿನ ಮುಳ್ಳು ಬೇಗ ಬೇಗ ಇಳಿಯುವುದು ಮಾತ್ರ ನಿಲ್ಲಲಿಲ್ಲ. ‘ಏನ್ರೀ ನೀವು, ಕಾರ್ ತಗೊಂಡ್ರೋ, ಕಳ್ಳರನ್ನ ಕಾಯೋ ಕೆಲಸ ತಗೊಂಡ್ರೋ?’ ಎಂದು ಹೆಂಡತಿ ನಕ್ಕಳು. ನನಗೆ ಉರಿದುಹೋಯಿತು. ಹೊರಗಿನವರು ಕದಿಯುತ್ತಿಲ್ಲ ಎಂದಮೇಲೆ ಒಳಗಿನವರೇ ಇರಬೇಕಲ್ಲ?

ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ತೊಳೆಯಲು ದಿನಾ ಬೆಳಿಗ್ಗೆ ಒಬ್ಬ ಹೆಂಗಸು ಬರುತ್ತಿದ್ದರು. ನಲವತ್ತು ದಾಟಿದ ವಯಸ್ಸು. ಹೂಡಿಯ ಹಳೇ ಊರಿನ ಕಡೆ ಮನೆ. ಹದಿನಾಲ್ಕು ಕಾರುಗಳನ್ನು ಒಬ್ಬರೇ ಒರೆಸುತ್ತಿದ್ದರು. ಭಾನುವಾರ ಒಳಗೆಲ್ಲ ಗುಡಿಸಲೆಂದು ಎಲ್ಲರೂ ಅವರ ಕೈಗೆ ಕೀ ಕೊಡುತ್ತಿದ್ದರು, ನಾನೂ ಕೊಟ್ಟಿದ್ದೆ. ಒಂದು ಸೋಮವಾರ ಹೋಗಿ ಕೂತರೆ ಮೊಣಕಾಲು ಸ್ಟೀರಿಂಗಿಗೆ ತಗುಲಿತು. ಸೀಟು ಮುಂದಕ್ಕೆ ಸರಿದಿತ್ತು. ಯಾರೋ ಕುಳ್ಳಗಿನವರು ಕಾರು ಓಡಿಸಿದ್ದಾರೆ ಎಂದು ಲೆಕ್ಕ ಹಾಕಿದೆ. ಅವತ್ತಿನಿಂದ ಟೈರಿನ ಮೇಲೂ ನೆಲದ ಮೇಲೂ ಸೇರಿಸಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯತೊಡಗಿದೆ. ಕಾರು ಒಂದು ಗೇಣು ಅಲುಗಿದರೂ ಗೊತ್ತಾಗಬೇಕು. ಮರುದಿನ ನೋಡಿದರೆ ಟೈರಿನ ಮೇಲಿನ ಗೆರೆಯೇ ಮಾಯ! ಕದ್ದವರು ಗುರುತು ಅಳಿಸಿದ್ದಾರೆ ಎಂದುಕೊಂಡೆ. ಟೈರು ತೊಳೆಯುವವರು ಟೈರು ತೊಳೆದಿರಬಹುದು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಅದರ ನಡುವೆ ಬಾಗಿಲಿನ ಕೆಳಭಾಗಕ್ಕೆಲ್ಲ ರಸ್ತೆಯ ಟಾರು ಸಿಡಿದು ಅಂಟಿಕೊಂಡಿತ್ತು. ‘ಬಿಳೀ ಗಾಡಿ ಅಕ್ಕ, ಒಂದ್ ಚುಕ್ಕೆ ಇರಬಾರ್ದು. ಏನ್ ಮಾಡ್ತೀರೋ ಗೊತ್ತಿಲ್ಲ’ ಎಂದು ಆಕೆಗೆ ದಬಾಯಿಸಿದ್ದೆ.

ಮುಂದಿನ ಭಾನುವಾರ ನೆಲಮಾಳಿಗೆಗೆ ಇಳಿದಾಗ ಮೂಗಿಗೆ ಪೆಟ್ರೋಲ್ ವಾಸನೆ ಹೊಡೆಯಿತು. ಕಂಬದ ಹಿಂದೆ ಆಕೆಯ ಬಕೆಟ್ಟು, ಬಕೆಟ್ಟಿನ ಪಕ್ಕದಲ್ಲಿ ನೀರಿನ ಬಾಟ್ಲಿ. ಮುಚ್ಚಳ ತೆಗೆದು ಮೂಸಿದೆ. ಸಾಕ್ಷಾತ್ ಪೆಟ್ರೋಲು. ಸಿಕ್ಕಿಬಿದ್ದಳು ಎಂದು ನನಗೆ ಎಂಥ ಖುಷಿಯಾಯಿತೆಂದರೆ, ಈಗ ನೆನೆಸಿಕೊಂಡರೆ ಅಸಹ್ಯವಾಗುತ್ತದೆ. ಬಾಟ್ಲಿಯನ್ನು ಎತ್ತಿ ಹಿಡಿದು ಅಲ್ಲಿದ್ದವರನ್ನೆಲ್ಲ ಕೂಗಿ ಕರೆದೆ. ಭಾನುವಾರ ಬೇರೆ, ಇಪ್ಪತ್ತು ಜನರಾದರೂ ಸೇರಿದರು.

‘ಟಾರ್ ತೆಗಿಯಕ್ಕೆ ತಂದಿವ್ನಿ ಸಾ. ನೀವೇ ಅಲ್ವಾ ಚುಕ್ಕೆ ಇರಬಾರ್ದು ಅಂದಿದ್ದು?’ ಎಂದರು ಆಕೆ.

‘ಯಾವ ಬಂಕಲ್ಲಿ ಬಾಟ್ಲಿಗೆ ಪೆಟ್ರೋಲ್ ಹಾಕ್ತಾರೆ ಹೇಳಮ್ಮ?’ ಎಂದೆ, ವಕೀಲನ ಗತ್ತಿನಲ್ಲಿ. ಅಕ್ಕ ಹೋಗಿ ಅಮ್ಮ ಆಗಿತ್ತು, ಬಹುವಚನ ಹೋಗಿ ಏಕವಚನ.

‘ನಮ್ಮನೆಯೋರ ಗಾಡಿಯಿಂದ ಇಳಿಸ್ಕಂಡ್ ಬಂದೆ ಸಾ. ಬೇಕಾದ್ರೆ ಫೋನ್ ಮಾಡಿ ಕೇಳಿ.’

ಯಾರೂ ಫೋನ್ ಮಾಡಲಿಲ್ಲ. ಸಂಜೆಯೊಳಗೆ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿನವರು ಆಕೆಗೆ ನಾಳೆಯಿಂದ ಬರಬೇಡ ಎಂದರು. ಹದಿನಾಲ್ಕು ಕಾರುಗಳ ಕೆಲಸ ಒಂದೇ ದಿನದಲ್ಲಿ ಹೋಯಿತು.

ಆಕೆ ಹೋದಮೇಲೂ ಮುಳ್ಳು ಇಳಿಯುತ್ತಲೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ನಿಂತು ಯೋಚಿಸುತ್ತಿದ್ದರು. ನಾನು ವಾಚ್‌ಮನ್ನನ್ನು ಅನುಮಾನಿಸಿದೆ.

ಸಾವಿರ ಕಿಲೋಮೀಟರ್ ಆಯಿತು. ಸರ್ವಿಸಿಗೆ ಬಿಡುವಾಗ ಅಲ್ಲಿನ ಹಿರಿಯ ಮೆಕ್ಯಾನಿಕ್ಕಿಗೆ ನನ್ನ ಕಳ್ಳತನದ ಕಥೆಯನ್ನೆಲ್ಲ ಹೇಳಿದೆ. ಅವರು ನಕ್ಕುಬಿಟ್ಟರು. ‘ಹೊಸ ಇಂಜಿನ್ ಸಾರ್, ಶುರೂನಲ್ಲಿ ಸ್ವಲ್ಪ ಜಾಸ್ತಿನೇ ಕುಡಿಯುತ್ತೆ. ಅದ್ರ ಮೇಲೆ ಈ ಟ್ರಾಫಿಕ್‌ನಲ್ಲಿ ಎಸಿ ಹಾಕ್ಕೊಂಡು ನಿಂತಿರ್ತೀರ. ಹನ್ನೊಂದು ಬಂದಿದ್ದೇ ಪುಣ್ಯ’ ಎಂದು, ಪೆಟ್ರೋಲ್ ಮುಚ್ಚಳ ತೆಗೆದು ತೆಳುವಾದ ಪೈಪೊಂದನ್ನು ಒಳಗೆ ತೂರಿಸಿದರು. ಅದು ಸ್ವಲ್ಪ ಇಳಿದು ತಡೆದು ನಿಂತಿತು. ‘ನೋಡಿ, ಇದರಲ್ಲಿ ಪೈಪ್ ಒಳಗೇ ಹೋಗಲ್ಲ. ಕದಿಯೋದು ಹೆಂಗೆ?’

ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವ ತನಕ ಬಿಗಿಯಾಗಿರುತ್ತವೆ ಎಂದು ಕಾರ್ಖಾನೆಯಲ್ಲಿ ಹೊಸಬರಿಗೆ ಕಲಿಸುವವನೇ ನಾನು. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಈ ಸಲ ಅವಳು ನಗಲಿಲ್ಲ. ‘ಸೀಟ್ ಮುಂದೆ ಎಳೀದೆ ಮ್ಯಾಟ್ ಹೆಂಗ್ ಗುಡಿಸ್ತಾರ್ರೀ? ಅವತ್ತೇ ಹೇಳಿದ್ದೆ, ಕೇಳಿಸ್ಕೊಂಡ್ರಾ?’ ಎಂದಳು.

ವಾಚ್‌ಮನ್ನನ್ನು ಕೇಳಿ ಆಕೆಯ ಮನೆ ಹುಡುಕಿಕೊಂಡು ಹೋದೆ. ಅಪಾರ್ಟ್‌ಮೆಂಟಿನ ಹಿಂದೆಯೇ ಹಳೇ ಊರಿನ ಗಲ್ಲಿ, ದಿನಾ ನಮ್ಮ ಬಾಲ್ಕನಿಯಿಂದ ಕಾಣುವ ತಗಡಿನ ಮಾಡು. ಆಕೆ ಬಾಗಿಲಲ್ಲೇ ನಿಂತರು, ಒಳಗೆ ಬನ್ನಿ ಎನ್ನಲಿಲ್ಲ. ಬೇರೆ ಕೆಲಸ ಸಿಕ್ಕಿತಾ ಎಂದು ಕೇಳಿದೆ. ‘ಕಳ್ಳಿ ಅಂತ ಎಲ್ಲಾ ಬಿಲ್ಡಿಂಗ್ ವಾಚ್‌ಮನ್‌ಗೂ ಗೊತ್ತು ಸಾ. ಯಾರ್ ಕೊಡ್ತಾರೆ?’ ಎಂದರು. ನಾನು ಮೆಕ್ಯಾನಿಕ್ ಹೇಳಿದ್ದನ್ನೆಲ್ಲ ಒಪ್ಪಿಸಿ, ತಪ್ಪಾಯ್ತು ಎಂದೆ.

‘ಅವತ್ತು ಅಷ್ಟ್ ಜನಾನ ಕೂಗಿ ಕರ್ದು ಏಳಿದ್ರಿ. ಇವತ್ತು ಒಬ್ರೇ ಬಂದಿದ್ದೀರ’ ಎಂದರು.

ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿನಲ್ಲಿ ಬರೆಯುತ್ತೇನೆ ಎಂದೆ. ‘ಅದ್ನ ನಾನ್ ಓದಕ್ಕಾಯ್ತದಾ?’ ಎಂದು ಕೇಳಿದರು.

ಆ ಭಾನುವಾರ ಮತ್ತೆ ಎಲ್ಲರನ್ನೂ ನೆಲಮಾಳಿಗೆಗೆ ಕರೆದೆ. ಆಕೆಯೂ ಬಂದರು, ಬರಿಗೈಲಿ. ಪೆಟ್ರೋಲ್ ಯಾರೂ ಕದ್ದಿರಲಿಲ್ಲ, ಹೊಸ ಇಂಜಿನ್ನೇ ಕುಡಿದದ್ದು, ನಾನು ಸುಳ್ಳು ಆರೋಪ ಹೊರಿಸಿದೆ, ಇವರನ್ನು ದಯವಿಟ್ಟು ಮತ್ತೆ ಕೆಲಸಕ್ಕೆ ಕರೆಯಿರಿ ಎಂದೆ. ನನ್ನ ಕಿವಿಗೇ ಸರಿಯಾಗಿ ಬೀಳದಷ್ಟು ಮೆಲ್ಲಗೆ ಹೇಳಿದ್ದೆ. ಕೆಲವರು ತಲೆಯಾಡಿಸಿ ಮೊಬೈಲ್ ನೋಡತೊಡಗಿದರು. ಮುಗಿಯಿತಪ್ಪಾ ಎಂದು ನಾನು ಲಿಫ್ಟಿನ ಕಡೆ ತಿರುಗಿದೆ.

‘ಸಾ,’ ಎಂದು ಆಕೆ ಕರೆದರು. ‘ಇನ್ನೊಂದ್ ಸಲ ಏಳಿ. ಆ ಕಡೆ ನಿಂತಿರೋರ್ಗೆ ಕೇಳಿಸ್ಲಿಲ್ಲ.’

ನಾನು ತಿರುಗಿ ಬಂದು ಗಂಟಲು ಸರಿಮಾಡಿಕೊಂಡೆ.