ಕಡೆಗೆ ಉಳಿಸಿದ ಹಸಿರು ಕಿಟಕಿ

ಕಾಕುವಿನ ಸೆರಗನ್ನು ಮಗುಚಿ ನೋಡಿದರೆ ಒಳಗಡೆ ಗೇಣಗಲದ ಬಣ್ಣದ ಪಟ್ಟಿ ಕಾಣುತ್ತಿತ್ತು. ಕುಂಚ ಒರೆಸಿಕೊಳ್ಳಲು ಅವರಿಗೆ ಬೇರೆ ಬಟ್ಟೆ ಬೇಕಿರಲಿಲ್ಲ. ನೀಲಿ, ಕಾವಿ, ಗೋದಾವರಿ ದಂಡೆಯ ಕಲ್ಲಿನ ಕಪ್ಪು, ಎಲ್ಲ ಒಂದರ ಮೇಲೊಂದು ಕೂತು ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಹಣೆಗೆ ವಿಭೂತಿ, ತಲೆ ಮೇಲೆ ಸೆರಗು, ಸೆರಗಿನ ಒಳಗೆ ಈ ಸಂತೆ. ನೋಡಲಾರದೆ ಒಂದು ಸಲ ನಾನೇ ಹಳೆ ಟವೆಲ್ ಹರಿದು ತುಂಡು ಮಾಡಿ ಕೊಟ್ಟೆ. ಮುಂದಿನ ವಾರ ಅದರಲ್ಲಿ ರೊಟ್ಟಿ ಸುತ್ತಿಕೊಂಡು ಬಂದರು!

ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆನೇ ಹೊರತು ಅವರು ನನಗೆ ಸಂಬಂಧದವರಲ್ಲ. ನಾಸಿಕದಲ್ಲಿ ನಮ್ಮ ಎದುರು ಮನೆಯವರು, ಕಲಬುರಗಿ ಕಡೆಯವರು. ಗಂಡ ತೀರಿಕೊಂಡಿದ್ದರು, ಮಗ ಕೆಲಸಕ್ಕೆ ಹೋಗುತ್ತಿದ್ದ. ನಾನು ಬೀದರಿನವಳು. ನನ್ನ ಯಜಮಾನರಿಗೆ ಓಝರ್ ಹತ್ತಿರದ ವಿಮಾನದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಬಂದವಳು, ಗುರುತು ಪರಿಚಯ ಇಲ್ಲದೆ ದಿನವಿಡೀ ಬಾಗಿಲು ಹಾಕಿಕೊಂಡು ಕೂತಿರುತ್ತಿದ್ದೆ. ಒಂದು ರವಿವಾರ ಬೆಳಿಗ್ಗೆ ಕಾಕು ಬಂದು ಬಾಗಿಲು ಬಡಿದರು.

"ಮನ್ಯಾಗ ಕುಂತು ಗ್ವಾಡಿ ಏನ್ ನೋಡ್ತಿಯವ್ವಾ? ಹೊರಗ ಇದಕ್ಕಿಂತ ಛೊಲೋ ಗ್ವಾಡಿ ಅವ. ಬಾ, ಛತ್ರಿ ಹಿಡಿ."

ಹಾಗೆ ನಾನು ಛತ್ರಿ ಹಿಡಿಯುವವಳಾದೆ. ಆಮೇಲೆ ನನ್ನ ಕೈಗೂ ಒಂದು ಕುಂಚ ಬಂತು.

ಕಾಕುಗೆ ಯಾರೂ ಚಿತ್ರ ಕಲಿಸಿರಲಿಲ್ಲ. ಮಗನ ಶಾಲೆ ಮುಗಿದ ಮೇಲೆ ಉಳಿದ ಬಣ್ಣದ ಡಬ್ಬಿಯನ್ನು ಬಿಸಾಡಲು ಮನಸ್ಸಾಗದೆ ಶುರು ಮಾಡಿದ್ದಂತೆ. ಮಡಚುವ ಸ್ಟೂಲು ಹಿಡಿದು ಪಂಚವಟಿಯ ಘಾಟಿನಲ್ಲಿ ಕೂತರೆಂದರೆ ಸುತ್ತ ಜನವೋ ಜನ. ನದಿಯ ನೀರನ್ನು ಚೊಂಬಿನಲ್ಲಿ ತಂದುಕೊಳ್ಳುವರು, ಆದರೆ ಕುಂಚ ತೊಳೆದ ನೀರನ್ನು ನದಿಗೆ ಚೆಲ್ಲುವವರಲ್ಲ. ಅರಳಿ ಮರದ ಬುಡಕ್ಕೇ ಹಾಕಬೇಕು. ಒಮ್ಮೆ ಒಬ್ಬ ಯಾತ್ರಿಕ ಬೆನ್ನ ಹಿಂದೆ ನಿಂತು, ಆಜಿ, ಗುಡಿಯ ಶಿಖರ ಡೊಂಕಾಗಿದೆ, ಡೊಂಕಾಗಿದೆ ಎಂದು ಮರಾಠಿಯಲ್ಲಿ ಒಂದೇ ಸಮನೆ ಹೇಳಿದ. ನನಗೆ ಎಲ್ಲಿಲ್ಲದ ಸಿಟ್ಟು. ಕಾಕು ಮಾತ್ರ ಎದ್ದು ಸ್ಟೂಲು ಅವನ ಮುಂದಿಟ್ಟು ಕೈಗೆ ಪೆನ್ಸಿಲ್ ಕೊಟ್ಟರು. ಅವನು ನಕ್ಕು, ಕೈ ಮುಗಿದು, ಬಾಳೆಹಣ್ಣು ಕೊಟ್ಟು ಹೋದ.

ಅವರ ನಿಯಮ ಒಂದೇ. ಚಿತ್ರವನ್ನು ಜಾಗದಲ್ಲೇ ಕೂತು ಬರೆಯಬೇಕು. ಜಾಗ ಬಿಟ್ಟು ಎದ್ದ ಮೇಲೆ ಮನೆಯಲ್ಲಿ ಒಂದು ಚುಕ್ಕೆಯನ್ನೂ ಹಚ್ಚಬಾರದು. ಮುಗಿಯದಿದ್ದರೆ ಮುಂದಿನ ರವಿವಾರ ಮತ್ತೆ ಅಲ್ಲಿಗೇ ಹೋಗಬೇಕು. "ಮನ್ಯಾಗ ಕುಂತು ಬರದ್ರ ಅದು ನೆನಪು ಆಗ್ತದ, ಚಿತ್ರ ಆಗಂಗಿಲ್ಲ" ಎನ್ನುವರು.

ಇನ್ನೊಂದು ಅಭ್ಯಾಸ ಇತ್ತು, ಅದು ನಿಯಮ ಅಲ್ಲ, ಸ್ವಭಾವ. ತಮಗೆ ಬಹಳ ಇಷ್ಟವಾದದ್ದನ್ನು ಕಡೆಗೆ ಉಳಿಸುವುದು. ಊಟಕ್ಕೆ ಕೂತರೂ ಅಷ್ಟೇ. ರೊಟ್ಟಿ, ಪಲ್ಯ, ಅನ್ನ ಎಲ್ಲ ಮುಗಿದ ಮೇಲೇ ಹೋಳಿಗೆ. ಚಿತ್ರದಲ್ಲೂ ಗುಡಿ ಬರೆದರೆ ಗಂಟೆ ಕಡೆಗೆ, ಘಾಟು ಬರೆದರೆ ದೋಣಿ ಕಡೆಗೆ. ಆ ಜಾಗವನ್ನು ಬಿಳಿ ಬಿಟ್ಟು ಸುತ್ತೆಲ್ಲ ಬಣ್ಣ ತುಂಬಿ, ಕೊನೆಗೆ ತುಟಿ ಚಪ್ಪರಿಸಿ ಅದಕ್ಕೆ ಕೈ ಹಾಕುವರು. "ಈಗ ಹೋಳಿಗಿ ನೋಡವ್ವಾ!"

ಹಳೆ ನಾಸಿಕದ ಗಲ್ಲಿಯಲ್ಲಿ ಒಂದು ವಾಡೆ ಇತ್ತು. ಕಟ್ಟಿಗೆಯ ಕಂಬಗಳ ದೊಡ್ಡ ಮನೆ. ಕಾಕು ಮದುವೆಯಾಗಿ ಬಂದು ಅದರ ಮಾಳಿಗೆಯಲ್ಲಿ ಬಾಡಿಗೆಗೆ ಸಂಸಾರ ಮಾಡಿದ್ದರು. ಬೀದಿ ಕಡೆ ಹಸಿರು ಬಣ್ಣದ ಒಂದು ಕಿಟಕಿ. ಸಂಜೆ ಅವರು ಚೀಲ ಹಿಡಿದು ಕೆಳಗಿಳಿದರೆ ಗಂಡ ಆ ಕಿಟಕಿಯಿಂದ ಬಗ್ಗಿ, "ಕೊತ್ತಂಬರಿ ಮರೀಬ್ಯಾಡ!" ಎಂದು ಇಡೀ ಗಲ್ಲಿಗೆ ಕೇಳುವಂತೆ ಕೂಗುತ್ತಿದ್ದರಂತೆ. "ನಾಚಿಕಿ ಬರ್ತಿತ್ತವ್ವಾ ನನಗ. ಈಗ ಅದರ ಕೆಳಗ ಬಂದು ನಿಂತ್ರ, ಒಮ್ಮಿ ಕೂಗಬಾರದಾ ಅನಸ್ತದ" ಎಂದರು. ಎಷ್ಟೋ ಗುಡಿ, ಗೋಪುರ ಬರೆದರೂ ಕಾಕುಗೆ ನಿಜವಾಗಿ ಬೇಕಿದ್ದದ್ದು ಆ ಕಿಟಕಿಯೊಂದೇ. ಗಂಡನ ಫೋಟೋ ಮನೆಯಲ್ಲಿತ್ತು. ಗಂಡ ಕೂಗುತ್ತಿದ್ದ ಜಾಗದ ಚಿತ್ರ ಇರಲಿಲ್ಲ.

ವಾಡೆ ಕೆಡವುತ್ತಾರೆ ಎಂಬ ಸುದ್ದಿ ಬಂದ ಮೇಲೆ ಬರೆಯಲು ಕೂತೆವು. ಕಂಬ, ಬಾಗಿಲು, ಕೆಳಗಿನ ಬೋಗಾರರ ಪಾತ್ರೆ ಅಂಗಡಿ, ತೊಲೆಗಳ ಮೇಲಿನ ಕೆತ್ತನೆ, ರವಿವಾರದಿಂದ ರವಿವಾರಕ್ಕೆ ಎಲ್ಲ ಬಂತು. ಕಿಟಕಿ ಬಿಳಿಯಾಗಿ ಉಳಿದಿತ್ತು. "ಮೊದಲು ಅದನ್ನ ಬರೀರಿ ಕಾಕು" ಎಂದು ನಾನು ಹೇಳದೆ ಇರಲಿಲ್ಲ. "ತಡಿಯವ್ವಾ, ಅವಸರ ಯಾಕ?" ಎಂದರು. ಅಷ್ಟರಲ್ಲಿ ಮಳೆ ಹಿಡಿಯಿತು. ನಾಸಿಕದ ಮಳೆ, ಹಿಡಿದರೆ ಬಿಡುವುದಿಲ್ಲ. ಬಿಸಿಲು ಕಂಡ ಮೊದಲ ರವಿವಾರವೇ ಸ್ಟೂಲು ಎತ್ತಿಕೊಂಡು ಹೋದೆವು.

ಗಲ್ಲಿಯ ತುಂಬ ಬೆಳಕಿತ್ತು. ಅಲ್ಲಿ ಅಷ್ಟು ಬೆಳಕನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ತಗಡಿನ ಬೇಲಿ, ಅದರ ಹಿಂದೆ ಮಣ್ಣಿನ ಗುಡ್ಡೆ, ಅದರ ಮೇಲೆ ಬರೀ ಆಕಾಶ. ಚಹಾದವನು ಮೆಲ್ಲಗೆ, "ಪಾಡ್ಲಾ ಆಜಿ, ಬುಧವಾರೀಚ್" ಎಂದ. ಬುಧವಾರವೇ ಕೆಡವಿದ್ದರು.

ಕಾಕು ಸ್ಟೂಲು ಬಿಚ್ಚಿ ಎಂದಿನ ಜಾಗದಲ್ಲೇ ಕೂತರು. ಡಬ್ಬಿ ತೆಗೆದರು. ಚೊಂಬಿನಲ್ಲಿ ಕುಂಚ ಅದ್ದಿದರು, ಸೆರಗಿಗೆ ಒರೆಸಿದರು. ಮತ್ತೆ ಅದ್ದಿದರು, ಮತ್ತೆ ಒರೆಸಿದರು.

"ಹೋಳಿಗಿ ಕಡೀಕ ಅಂತ ಇಟ್ಟಿದ್ನೆವ್ವಾ. ಯಾರೋ ತಾಟೇ ಎತ್ಕೊಂಡು ಹೋದ್ರು."

ನನ್ನ ಮೊಬೈಲಿನಲ್ಲಿ ಆ ಕಿಟಕಿಯ ಫೋಟೋ ಇತ್ತು. ನೋಡಿ ಬರೀರಿ ಎಂದು ಬೇಡಿಕೊಂಡೆ, ಜಗಳವಾಡಿದೆ, ಮಗನೂ ಹೇಳಿ ಸೋತ. ಅವರದು ಒಂದೇ ಹಟ. "ಜಾಗಾನೇ ಇಲ್ಲ, ಎಲ್ಲಿ ಕುಂತು ಬರೀಲಿ?" ನನಗೆ ಅವರ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಯಾರು ಹಾಕಿದ ನಿಯಮ ಅದು? ಯಾರು ಕೇಳುವವರಿದ್ದರು?

ಆಮೇಲೆ ಮಗನಿಗೆ ಸಂಭಾಜಿನಗರಕ್ಕೆ ವರ್ಗವಾಗಿ ಕಾಕುವೂ ಹೋದರು. ರೈಲು ಹತ್ತಿ ಆಗಾಗ ನಾನು ಹೋಗಿ ಬರುತ್ತಿದ್ದೆ. ಅಲ್ಲಿ ಬರೆಯಲು ಏನು ಕಡಿಮೆ? ಹೆಜ್ಜೆಗೊಂದು ಕೋಟೆ ಬಾಗಿಲಿನಂಥ ಹಳೆ ದರ್ವಾಜಾ, ನೀರಿನಿಂದ ತಿರುಗುವ ಬೀಸುಕಲ್ಲಿನ ಪನ್‌ಚಕ್ಕಿ, ಗೋರಿಯ ಮೇಲೆ ಕಟ್ಟಿದ ಮಕ್ಬರಾ. ಒಂದು ಸಲ ಹೊಸ ಚಿತ್ರಗಳನ್ನೆಲ್ಲ ಮಂಚದ ಮೇಲೆ ಹರಡಿ ತೋರಿಸಿದರು. ನೋಡಿದವಳೇ ನಕ್ಕುಬಿಟ್ಟೆ. ಎಲ್ಲವೂ ಅರ್ಧಂಬರ್ಧ, ಆದರೆ ಒಂದೊಂದರಲ್ಲೂ ಕಿಟಕಿ ಮಾತ್ರ ಮುಗಿದಿತ್ತು. ಅದೇ ಹಸಿರು ಕಿಟಕಿ! ಕಲ್ಲಿನ ದರ್ವಾಜದ ನೆತ್ತಿಯ ಮೇಲೆ ಅದೇ, ಪನ್‌ಚಕ್ಕಿಯ ಗೋಡೆಯಲ್ಲಿ ಅದೇ, ಯಾರದೋ ಪಾನ್ ಅಂಗಡಿಯ ಮೇಲೂ ಅದೇ.

"ಕಾಕು, ದರ್ವಾಜಾಕ್ಕ ಕಿಟಕಿ ಎಲ್ಲಿಂದ ಬಂತ್ರಿ?"

"ಇತ್ತು."

"ಹಸರದು?"

"ನಾ ಜಾಗಾದಾಗೇ ಕುಂತು ಬರದೀನಿ. ಏನ್ ತಪ್ಪದ ಅದರಾಗ?" ಎಂದು ಮುಖ ಗಂಟು ಹಾಕಿದರು. ಚಿತ್ರಗಳನ್ನು ಒಂದೊಂದಾಗಿ ಒಟ್ಟು ಮಾಡುತ್ತ ಅವರೇ ಹೇಳಿದರು. "ಈಗ ಮೊದಲೇ ಹೋಳಿಗಿ ತಿಂತೀನವ್ವಾ. ಖರೇ ಹೇಳ್ತೀನಿ, ರುಚಿ ಹತ್ತವಲ್ದು."

ಆಗ ನನ್ನ ನಗು ನಿಂತಿತು.

ಹೋದ ಚಳಿಗಾಲದಲ್ಲಿ ಕಾಕು ತೀರಿಕೊಂಡರು. ಮಧ್ಯಾಹ್ನ ಮಲಗಿದವರು ಏಳಲಿಲ್ಲವಂತೆ. ಮಣ್ಣು ಮಾಡಿ ಬಂದ ಮೇಲೆ ಮಗ ಒಂದು ಸುರುಳಿ ತಂದು ನನ್ನ ಕೈಗಿಟ್ಟು, "ಇದು ನಿಮಗೇ ಕೊಡಬೇಕು ಅಂದಿದ್ಳು ಅಕ್ಕಾ" ಎಂದ. ವಾಡೆಯ ಚಿತ್ರ. ಎಲ್ಲೆಲ್ಲೋ ಆ ಕಿಟಕಿ ಬರೆದವರು ಇದರಲ್ಲಿ ಬರೆಯದೆ ಇರುತ್ತಾರೆಯೇ, ಹಟ ಬಿಟ್ಟಿರುತ್ತಾರೆ ಎಂದು ದೇವರಲ್ಲಿ ಬೇಡಿಕೊಳ್ಳುತ್ತ ಬಿಚ್ಚಿದೆ.

ಬರೆದಿರಲಿಲ್ಲ. ಆದರೆ ಆ ಜಾಗ ಬಿಳಿಯಾಗಿಯೂ ಉಳಿದಿರಲಿಲ್ಲ. ಸುತ್ತಲಿನ ಕಾಗದ ಚೊಕ್ಕಟವಾಗಿತ್ತು. ಕಿಟಕಿಯಷ್ಟೇ ಜಾಗ ಬೆರಳು ಸವರಿ ಸವರಿ ಕಂದಿ, ಮಾಸಿ, ಕಾಗದದ ಎಳೆ ಎದ್ದಿತ್ತು. ಒಂದೇ ಒಂದು ಒಣ ರವಿವಾರ ಸಿಕ್ಕಿದ್ದರೆ ಸಾಕಿತ್ತು ಅವರಿಗೆ.

ಅದನ್ನು ಕಟ್ಟು ಹಾಕಿಸಿ ಅಡುಗೆಮನೆ ಎದುರು ತೂಗುಹಾಕಿದ್ದೇನೆ. ರವಿವಾರ ಈಗಲೂ ಘಾಟಿಗೆ ಹೋಗುತ್ತೇನೆ, ಇಷ್ಟವಾದದ್ದನ್ನು ಮೊದಲು ಬರೆಯುತ್ತೇನೆ, ಕುಂಚವನ್ನು ಸೆರಗಿಗೇ ಒರೆಸುತ್ತೇನೆ. ಬರುವಾಗ ಆ ಗಲ್ಲಿಯ ಮೇಲೇ ಬರುತ್ತೇನೆ. ಅಲ್ಲೀಗ ಹೊಸ ಕಟ್ಟಡ ಎದ್ದಿದೆ, ಕಿಟಕಿಗಳಿಗೆಲ್ಲ ಗಾಜು. ಅದರ ಕೆಳಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಆಮೇಲೆ ಮೂಲೆಯ ಗಾಡಿಯಲ್ಲಿ ಕೊತ್ತಂಬರಿ ತೆಗೆದುಕೊಂಡು ಮನೆಗೆ ಬರುತ್ತೇನೆ.