ದರ್ಜಿ ನಾಹಿದಾ ಕೊಟ್ಟ ಇಜಾಜತ್

ನಾಹಿದಾಳ ಅಜ್ಜ ಖಾಜಾಸಾಬ್ ಮಸ್ಕಿ ಸುತ್ತಿನ ಹತ್ತು ಹಳ್ಳಿಗೆ ದರ್ಜಿ. ಪರದೆಯಾಚೆಯ ಹೆಣ್ಣುಮಕ್ಕಳು ದಾರಕ್ಕೆ ಗಂಟು ಹಾಕಿ ಅಳತೆ ಕಳಿಸುತ್ತಿದ್ದರು. ಕುಬಸ ಹೊಲಿದು ಮುಗಿದ ಕೂಡಲೇ ಆತ ಆ ದಾರವನ್ನು ಒಲೆಗೆ ಹಾಕುತ್ತಿದ್ದ. ಅಪ್ಪ ಮೌಲಾಸಾಬ್ ಅಳತೆ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿಯನ್ನು ಒಳಜೇಬಿನಿಂದ ಹೊರಗೆ ಬಿಡಲಿಲ್ಲ. ಊರ ದೊಡ್ಡವನೊಬ್ಬ ಯಾರದೋ ಅಳತೆ ಕೇಳಿದಾಗ, "ನಮ್ಮ ಕತ್ರಿ ಬಟ್ಟಿ ಕತ್ತರಸ್ತೈತ್ರಿ ಸಾವಕಾರ್ರ, ಮಂದಿ ಮಾನ ಅಲ್ಲ" ಎಂದು ಸಾಗಹಾಕಿದ್ದ.

ಅವರ ಹೊಲಿಗೆ ಮಿಷನ್ನು ಈಗ ನಾಹಿದಾಳದು. ಗಿರಾಕಿಗಳ ಅಳತೆ, ನಂಬರು, ಕುಬಸ ತೊಟ್ಟು ನೋಡುವಾಗ ತೆಗೆದ ಫೋಟೊ ಎಲ್ಲವೂ ಫೋನಿನಲ್ಲಿ. ಹೋದ ತಿಂಗಳು ಕುತ್ತಿಗೆ ಡಿಸೈನು ತೋರಿಸುವ ಆ್ಯಪ್ ಒಂದನ್ನು ಹಾಕಿಕೊಂಡಳು. ಅದು ಕೇಳಿತು: ಫೋಟೊ ನೋಡಲೇ? ನಂಬರು ನೋಡಲೇ? ಹೊಸ್ತಿಲ ಹೊರಗೆ ನಿಂತು ಇಜಾಜತ್, ಅಂದರೆ ಅಪ್ಪಣೆ, ಕೇಳಿದವರನ್ನು ಹಿಂದಕ್ಕೆ ಕಳಿಸುವ ರೂಢಿ ಅವರ ಮನೆಯಲ್ಲಿಲ್ಲ. ಮರ್ಯಾದಸ್ಥ ಆ್ಯಪ್ ಎಂದುಕೊಂಡು ಎಲ್ಲಕ್ಕೂ 'ಅನುಮತಿಸಿ' ಒತ್ತಿದಳು.

ಎಂಟು ದಿನಕ್ಕೆ ಅವಳ ಗಿರಾಕಿ, ಸಂತೆಕಲ್ಲೂರಿನ ಟೀಚರ್ ಅಮರೇಶ್ವರಿ ಬಂದಳು. "ನಾಹಿದಕ್ಕ, 'ನಿಮ್ಮ ಗೆಳತಿ ನಾಹಿದಾ ಇಲ್ಲಿದ್ದಾರೆ, ನೀವೂ ಬನ್ನಿ' ಅಂತ ಯಾವುದೋ ಆ್ಯಪ್ ಮೆಸೇಜ್ ಕಳಿಸೈತಿ. ನನ್ನ ನಂಬರ್ ಯಾರು ಕೊಟ್ಟರ‍್ರಿ? ನಂಬರ್ ಹೋಗ್ಲಿ, ನನ್ನ ಫೋಟೊನೂ ಅದರ ಕೈಗೆ ಹೋಗೈತೇನ್ರಿ?"

ಮಿಷನ್ನಿನ ಮೇಲೆ ನಾಹಿದಾಳ ಕಾಲು ನಿಂತುಬಿಟ್ಟಿತು. ಮೂರು ತಲೆಮಾರಿನ ಹೆಸರು ಒಂದು ಬೆರಳಿನ ತುದಿಯಲ್ಲಿ ಹೋಗಿತ್ತು. ಆದರೆ ತಲೆ ತಗ್ಗಿಸಲಿಲ್ಲ.

"ಕೊಟ್ಟಾಕಿ ನಾನೇ ಅವ್ವಾ. ಕುಂದ್ರಾಕ ಜಾಗ ಕೊಟ್ಟೆ, ಕಾಲು ಚಾಚಿ ಮಲಗೈತಿ. ಎಬ್ಬಿಸಿ ಹೊರಗ ಹಾಕ್ತೀನಿ, ನೋಡು."

ಎದುರಿನ ಜಾವೀದನ ಮೊಬೈಲ್ ಅಂಗಡಿಗೆ ನಡೆದಳು. "ಜಾವೀದ್, ಕೊಟ್ಟ ಇಜಾಜತ್ ಹಿಂದಕ್ಕ ತಗೋಬಹುದೇನೋ?"

"ಯಾವಾಗ ಬೇಕಾದ್ರೂ, ಖಾಲಾ." ಆತ ತನ್ನ ಫೋನಿನಲ್ಲೇ ದಾರಿ ತೋರಿಸಿದ: ಸೆಟ್ಟಿಂಗ್ಸ್, ಆ್ಯಪ್, ಅನುಮತಿಗಳು. "ಹೋದದ್ದು ಮಾತ್ರ ತಾನಾಗೇ ವಾಪಸ್ ಬರಂಗಿಲ್ಲ. ಅಳಿಸ್ರಿ ಅಂತ ಕಂಪನಿಗೆ ಬರೀಬೇಕು."

"ಬರೀತೀನಿ. ಗಿರಾಕಿಗಳಿಗೂ ಒಬ್ಬೊಬ್ಬರಿಗೆ ನಾನೇ ಹೇಳ್ತೀನಿ. ಮುಚ್ಚಿಟ್ಟರ ಅಪ್ಪನ ಕೀಲಿಗೆ ಜಂಗ್ ಹಿಡಿದಂಗ."

"ಇಷ್ಟು ಪಂಚಾಯ್ತಿ ಯಾಕ ಖಾಲಾ? ಲಾಕ್ ತೆಗೆದು ಫೋನ್ ಇಲ್ಲೇ ಬಿಟ್ಟು ಹೋಗ್ರಿ. ಸಂಜಿಗೆ ಎಲ್ಲಾ ಬಂದ್ ಮಾಡಿ, ಫೋಟೊನೂ ಅಳಿಸಿ ಕೊಡ್ತೀನಿ."

ನಾಹಿದಾ ಚಾಚಿದ ಆತನ ಕೈಯನ್ನು ನೋಡಿದಳು, ಫೋನನ್ನು ಎದೆಗೊತ್ತಿಕೊಂಡು ನಕ್ಕಳು.

"ಬ್ಯಾಡೋ ಬೇಟಾ. ನೀ ಒಳ್ಳ್ಯಾವ, ಖರೇನ. ಆದ್ರ ದಾರ ಸುಡಾಕ ನಮ್ಮಜ್ಜ ನೆರೆಮನಿ ಒಲಿ ಕೇಳಲಿಲ್ಲ. ದಾರಿ ತೋರಿಸೀದಿ, ಸಾಕು. ಬಟನ್ ನಾನೇ ಒತ್ತತೀನಿ."